ಮದುವೆ ಮನೆಯಲ್ಲಿ ಲಾಭ ಕೇಳಬೇಡಿ

1982ರಲ್ಲಿ ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದು ಒಂದು ವರ್ಷ ಆಗಿತ್ತಷ್ಟೆ. ಆ ಮನೆಯ ಅಜ್ಜಿಗೆ ಒಂದು ಪದ್ಧತಿ ಇತ್ತು. ಬಾಗಿಲಲ್ಲಿ ಕುಳಿತು ಚಪ್ಪಲಿ ಎಣಿಸುತ್ತಿದ್ದರು. ಇಪ್ಪತ್ತು ಜೊತೆ ಆಯಿತೆಂದರೆ ಬಾಗಿಲು ಬಂದ್. ಇಪ್ಪತ್ತೊಂದನೆಯವನು ಕಿಟಕಿಯ ಸರಳು ಹಿಡಿದು ನೋಡಬೇಕು. ನಾನು ಬಹಳ ಸಲ ಆ ಇಪ್ಪತ್ತೊಂದನೆಯವನೇ ಆಗಿದ್ದೆ. ಈ ಅಜ್ಜಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತಾರೆ.

ನೋಡುತ್ತಿದ್ದದ್ದು ದೆಹಲಿ ಏಷ್ಯನ್ ಗೇಮ್ಸ್. ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ. ಕಿಟಕಿಯಿಂದ ನನಗೆ ಕಾಣುತ್ತಿದ್ದದ್ದು ಅರ್ಧ ಪರದೆ, ಅದೂ ಕಪ್ಪು ಬಿಳುಪು. ದೇಶಕ್ಕೆ ಕಲರ್ ಟಿವಿ ಬಂದದ್ದು ಅದೇ ವರ್ಷ. ಆದರೆ ನಮ್ಮ ಬೀದಿಗೆ ಬಂದಿರಲಿಲ್ಲ. ಆದರೂ ಶಾಲೆಯಲ್ಲಿ ಎಲ್ಲರ ಪುಸ್ತಕದ ಹಿಂದಿನ ಹಾಳೆಯಲ್ಲೂ ಒಂದು ಆನೆಮರಿ, ಆ ಕೂಟದ ಲಾಂಛನ. ಅಪ್ಪು. ಕೈ ಎತ್ತಿ ನೋಡೋಣ, ಇಲ್ಲಿ ಆ ಅಪ್ಪುವನ್ನು ನೆನಪಿಟ್ಟುಕೊಂಡವರು ಎಷ್ಟು ಜನ? ನಮ್ಮ ಕಡೆ ಅಪ್ಪು ಅಂದರೆ ಬೇರೆಯವರೇ, ಅದು ಗೊತ್ತು. ನಾನು ಹೇಳುತ್ತಿರುವುದು ಆನೆ. ಪರವಾಗಿಲ್ಲ, ತಲೆ ನರೆತ ಕೈಗಳೆಲ್ಲ ಮೇಲೆ ಹೋದವು.

ಈಗ ಇನ್ನೊಂದು ಪ್ರಶ್ನೆ. ಆ ಕೂಟದಲ್ಲಿ ಭಾರತಕ್ಕೆ ಎಷ್ಟು ಚಿನ್ನ ಬಂತು? ಯಾರಿಗೂ ಗೊತ್ತಿಲ್ಲ ಅಲ್ವಾ? ಹದಿಮೂರು. ಒಟ್ಟು 57 ಪದಕ. ಪದಕ ಪಟ್ಟಿಯಲ್ಲಿ ಐದನೇ ಸ್ಥಾನ. ಎಂ. ಡಿ. ವಲ್ಸಮ್ಮ 400 ಮೀಟರ್ ಹರ್ಡಲ್ಸ್ ಗೆದ್ದರು. ಆಗಿನ್ನೂ ಹುಡುಗಿಯಾಗಿದ್ದ ಪಿ. ಟಿ. ಉಷಾಗೆ ಎರಡು ಬೆಳ್ಳಿ. ಜನರಿಗೆ ನೆನಪಿರುವ ಫಲಿತಾಂಶ ಮಾತ್ರ ಒಂದೇ. ಹಾಕಿ ಫೈನಲ್, ಪಾಕಿಸ್ತಾನದ ಎದುರು, ನಮ್ಮದೇ ನೆಲದಲ್ಲಿ, ಏಳು-ಒಂದು. ಗೋಲ್‌ಕೀಪರ್ ಮೀರ್ ರಂಜನ್ ನೇಗಿಯನ್ನು ಜನ ವರ್ಷಗಟ್ಟಲೆ ಅನುಮಾನದಿಂದ ನೋಡಿದರು. ಅಜ್ಜಿ ಅವತ್ತು ಟಿವಿ ಆರಿಸಿ, ಬಾಗಿಲು ಹಾಕಿ, ಊಟವನ್ನೂ ಮಾಡಲಿಲ್ಲವಂತೆ.

ನನಗೆ ಬಹಳ ದಿನ ಅರ್ಥವಾಗದೆ ಉಳಿದದ್ದು ಇದು. ಅಂಥ ಸೋಲಾದ ಮೇಲೂ ಆ ಹದಿನೈದು ದಿನ ನಮ್ಮ ಬೀದಿಗೆ ಕೆಟ್ಟ ನೆನಪಾಗಿ ಉಳಿಯಲಿಲ್ಲ. ಹಬ್ಬವಾಗಿಯೇ ಉಳಿಯಿತು. ಹಾಗಾದರೆ ಆ ಖುಷಿ ಗೆಲುವಿನಿಂದ ಬಂದದ್ದಲ್ಲ. ಮತ್ತೆ ಎಲ್ಲಿಂದ ಬಂತು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತೇವೆ. ದೊಡ್ಡ ಕ್ರೀಡಾಕೂಟ ನಡೆಸುವ ದೇಶ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಅದೂ ಸಾಲ ಮಾಡಿ. ಮದುವೆ ಮುಗಿದ ಮೇಲೆ ಹುಡುಗಿಯ ಅಪ್ಪನನ್ನು ಹಿಡಿದು, ಎಷ್ಟು ಲಾಭ ಆಯಿತು ಸಾರ್ ಅಂತ ಕೇಳುತ್ತೀರಾ? ಕೇಳಿದರೆ ಒದೆ ಬೀಳುತ್ತದೆ. ಆದರೆ ಸರ್ಕಾರಗಳು ಒಲಿಂಪಿಕ್ಸ್ ಅಥವಾ ವಿಶ್ವಕಪ್ ತರುವಾಗ ಹೇಳುವುದೇ ಲಾಭದ ಕಥೆ. ಇಷ್ಟು ಪ್ರವಾಸಿಗರು, ಇಷ್ಟು ಉದ್ಯೋಗ, ಇಷ್ಟು ಹೂಡಿಕೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ 1976ರ ಒಲಿಂಪಿಕ್ಸ್ ಆಯಿತು. ಅದಕ್ಕೆ ಮುಂಚೆ ಆ ಊರಿನ ಮೇಯರ್ ಜಾನ್ ಡ್ರಪೋ ಒಂದು ಮಾತು ಹೇಳಿದ್ದರು. ಗಂಡಸು ಹೇಗೆ ಮಗು ಹೆರಲಾರನೋ ಹಾಗೆ ಒಲಿಂಪಿಕ್ಸ್‌ನಲ್ಲಿ ನಷ್ಟ ಆಗಲಾರದು ಅಂತ. ಆಯಿತು. ಹೆರಿಗೆಯೇ ಆಯಿತು. ಆ ಕೂಸಿನ ಸಾಲ ತೀರಿದ್ದು 2006ರಲ್ಲಿ, ಮೂವತ್ತು ವರ್ಷದ ಮೇಲೆ. ತೀರಿಸಲಿಕ್ಕೆ ಬೀಡಿ-ಸಿಗರೇಟಿನ ಮೇಲೆ ಬೇರೆಯೇ ತೆರಿಗೆ ಹಾಕಿದ್ದರು. ಆ ಊರಿನವರು ಹೊಗೆ ಬಿಟ್ಟು ಬಿಟ್ಟು ಸ್ಟೇಡಿಯಂ ಸಾಲ ತೀರಿಸಿದರು ಅನ್ನಬಹುದು.

ಹಾಗಾದರೆ ಈ ಖುಷಿಯೂ ಬರೀ ಭ್ರಮೆಯೇ? ಅಲ್ಲ. ಇದನ್ನು ಅಳೆದು ನೋಡಿದವರಿದ್ದಾರೆ. ಯುರೋಪಿನಲ್ಲಿ 1970ರ ದಶಕದಿಂದ ಒಂದು ಸಮೀಕ್ಷೆ ನಡೆಯುತ್ತಾ ಬಂದಿದೆ. ಸಾಮಾನ್ಯ ಜನರನ್ನು ಕೇಳುತ್ತಾರೆ, ಒಟ್ಟಾರೆ ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ ಅಂತ. ಸ್ಟೀಫನ್ ಸಿಮಾನ್ಸ್ಕಿ ಮತ್ತು ಜಾರ್ಜಿಯೋಸ್ ಕಾವೆಟ್ಸೋಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಆ ಉತ್ತರಗಳನ್ನು ಕ್ರೀಡಾಕೂಟಗಳ ಜೊತೆ ಇಟ್ಟು ನೋಡಿದರು. 2010ರಲ್ಲಿ ಪ್ರಕಟಿಸಿದರು. ಫುಟ್‌ಬಾಲ್ ಕೂಟ ನಡೆಸಿದ ದೇಶದ ಜನ ಸ್ವಲ್ಪ ದಿನ ನಿಜವಾಗಿಯೂ ಜಾಸ್ತಿ ಖುಷಿಯಾಗಿದ್ದರು. ಆದರೆ ತಮ್ಮ ತಂಡ ನಿರೀಕ್ಷೆಗಿಂತ ಚೆನ್ನಾಗಿ ಆಡಿದ್ದಕ್ಕೆ ಖುಷಿ ಏರಿತು ಅಂತ ಗಟ್ಟಿಯಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ. ನನ್ನ ಹಳೆಯ ಪ್ರಶ್ನೆಗೆ ಯಾರೋ ಪರದೇಶದವರು ಲೆಕ್ಕ ಹಾಕಿ ಉತ್ತರ ಕೊಟ್ಟ ಹಾಗಿತ್ತು.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು 2006ರಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಸಿದ ಜರ್ಮನಿ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಆ ಹೊತ್ತಿಗೆ ಜರ್ಮನಿಯ ಮುಖ ಗಂಟು ಹಾಕಿಕೊಂಡಿತ್ತು. ಹಿಂದಿನ ವರ್ಷ ನಿರುದ್ಯೋಗಿಗಳ ಸಂಖ್ಯೆ ಐವತ್ತು ಲಕ್ಷ ದಾಟಿತ್ತು. ಬರ್ಲಿನ್ ಗೋಡೆ ಬಿದ್ದು ಹದಿನೈದು ವರ್ಷ ಕಳೆದರೂ ಪೂರ್ವದವರಿಗೂ ಪಶ್ಚಿಮದವರಿಗೂ ಒಳಗೊಳಗೇ ಮುನಿಸು. ಫುಟ್‌ಬಾಲ್ ತಂಡವೂ ಹಾಗೇ. ಮಾರ್ಚ್ ಒಂದನೇ ತಾರೀಖು ಇಟಲಿಯ ಎದುರು ನಾಲ್ಕು-ಒಂದರಿಂದ ಸೋತು ಬಂದಿತ್ತು. ವಿಶ್ವಕಪ್‌ಗೆ ಮೂರೇ ತಿಂಗಳು. ಕೋಚ್ ಯೂರ್ಗನ್ ಕ್ಲಿನ್ಸ್‌ಮನ್ ತಲೆ ಕೊಡಿ ಅಂತ ಪತ್ರಿಕೆಗಳು ಬೊಬ್ಬೆ ಹೊಡೆಯುತ್ತಿದ್ದವು.

ಇನ್ನೊಂದು ವಿಷಯ ನಮಗೆ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ನಮ್ಮಲ್ಲಿ ಆಗಸ್ಟ್ 15 ಬಂದರೆ ಆಟೋಗೂ ಬಾವುಟ, ಸೈಕಲ್ಲಿಗೂ ಬಾವುಟ. ಜರ್ಮನಿಯಲ್ಲಿ ಮನೆ ಮುಂದೆ ದೇಶದ ಬಾವುಟ ಹಾರಿಸುವುದು ಅಂದರೆ ಮುಜುಗರ. ಹಿಟ್ಲರ್ ಕಾಲದ ನೆನಪು. ಬಾವುಟ ಹಿಡಿದವನನ್ನು ಪಕ್ಕದ ಮನೆಯವರು ಅನುಮಾನದಿಂದ ನೋಡುತ್ತಿದ್ದರು. ನನ್ನ ತಂಗಿಯ ಗಂಡ ಆಗ ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿದ್ದ. ಎರಡು ವರ್ಷ ಅದೇ ಕಟ್ಟಡದಲ್ಲಿದ್ದರೂ ಕೆಳಗಿನ ಮನೆಯವರ ಹೆಸರು ಅವನಿಗೆ ಗೊತ್ತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಒಂದು ನಮಸ್ಕಾರ, ಅಷ್ಟೆ.

ಜೂನ್ 9, ಮ್ಯೂನಿಕ್. ಮೊದಲ ಪಂದ್ಯ, ಕೋಸ್ಟಾ ರಿಕಾ ಎದುರು. ಆರನೇ ನಿಮಿಷದಲ್ಲಿ ಫಿಲಿಪ್ ಲಾಮ್ ಒಂದು ಗೋಲು ಹೊಡೆದ. ಪಂದ್ಯ ನಾಲ್ಕು-ಎರಡು ಆಯಿತು. ಐದು ದಿನ ಬಿಟ್ಟು ಡಾರ್ಟ್ಮುಂಡ್‌ನಲ್ಲಿ ಪೋಲೆಂಡ್ ಎದುರು ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಆಟ ನಿಂತ ಹೊತ್ತಿಗೆಂದು ಕೊನೆಗೆ ಸೇರಿಸುವ ನಿಮಿಷಗಳಲ್ಲಿ ಡೇವಿಡ್ ಓಡೊಂಕೋರ್ ಬಲಗಡೆಯಿಂದ ಓಡಿ ಬಂದು ಚೆಂಡು ಕೊಟ್ಟ, ಒಲಿವರ್ ನಾಯ್‌ವಿಲ್ ಜಾರಿಕೊಂಡು ಬಂದು ಒಳಗೆ ತಳ್ಳಿದ. ಓಡೊಂಕೋರ್‌ನ ಅಪ್ಪ ಘಾನಾದವರು. ನಾಯ್‌ವಿಲ್ ಹುಟ್ಟಿದ್ದು ಸ್ವಿಟ್ಜರ್ಲೆಂಡ್‌ನಲ್ಲಿ. ಅವತ್ತು ಜರ್ಮನಿಗಾಗಿ ಆಡಿದ ಮಿರೋಸ್ಲಾವ್ ಕ್ಲೋಸೆ ಮತ್ತು ಲೂಕಾಸ್ ಪೊಡೋಲ್ಸ್ಕಿ ಇಬ್ಬರೂ ಹುಟ್ಟಿದ್ದು ಎದುರಾಳಿ ಪೋಲೆಂಡ್‌ನಲ್ಲೇ! ಆ ಗೋಲಿನ ಮರುದಿನದಿಂದ ಕಪ್ಪು-ಕೆಂಪು-ಚಿನ್ನದ ಬಣ್ಣದ ಬಾವುಟ ಕಾರಿನ ಕಿಟಕಿಗೆ, ಬಾಲ್ಕನಿಗೆ, ನಾಯಿಯ ಕೊರಳಿಗೆ ಬಂತು. ಇದು ಸರಿಯೇ, ಹಳೆಯ ರೋಗ ಮರಳಿ ಬರುತ್ತಿದೆಯೇ ಅಂತ ಅಲ್ಲಿನ ಪತ್ರಿಕೆಗಳು ದೊಡ್ಡ ದೊಡ್ಡ ಲೇಖನ ಬರೆದವು. ಜನ ಅವನ್ನು ಓದಿ, ಮಡಿಸಿಟ್ಟು, ಮ್ಯಾಚಿಗೆ ಹೋದರು.

ಹೋದದ್ದು ಎಲ್ಲಿಗೆ? ಇದೇ ಮುಖ್ಯ. ಸ್ಟೇಡಿಯಂ ಟಿಕೆಟ್ ಎಲ್ಲರಿಗೂ ಸಿಗುವುದಿಲ್ಲ. ಅದಕ್ಕೆ ಪಂದ್ಯ ನಡೆಯುವ ಹನ್ನೆರಡು ಊರುಗಳಲ್ಲೂ ಬಯಲಲ್ಲಿ ದೊಡ್ಡ ಪರದೆ ಹಾಕಿದರು. ಬರ್ಲಿನ್‌ನಲ್ಲಿ ಬ್ರಾಂಡೆನ್‌ಬರ್ಗ್ ಗೇಟಿನಿಂದ ವಿಜಯಸ್ತಂಭದ ಕಡೆಗೆ ಹೋಗುವ ಅಗಲ ರಸ್ತೆಯಿದೆ. ಅದನ್ನೇ ಒಂದು ತಿಂಗಳು ವಾಹನಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಟ್ಟರು. ಟಿಕೆಟ್ ಇಲ್ಲ. ಬೇಲಿ ಇತ್ತು, ಗೇಟು ಇತ್ತು, ತುಂಬಿದರೆ ಗೇಟು ಮುಚ್ಚುತ್ತಿದ್ದರು. ನಮ್ಮ ಅಜ್ಜಿಯ ಚಪ್ಪಲಿ ಲೆಕ್ಕವೇ! ಆ ಕೂಟದ ಘೋಷವಾಕ್ಯವೂ ಮದುವೆ ಕಾಗದದ ಒಕ್ಕಣೆಯ ಹಾಗೇ ಇತ್ತು. ಲೋಕವೆಲ್ಲ ಗೆಳೆಯರ ಮನೆಗೆ ನೆಂಟರಾಗಿ ಬಂದಿದೆ ಅನ್ನುವ ಅರ್ಥದ್ದು. ಟೋಗೋ, ಅಂಗೋಲಾ, ಟ್ರಿನಿಡಾಡ್ ಮೊದಲ ಸಲ ವಿಶ್ವಕಪ್‌ಗೆ ಬಂದಿದ್ದವು. ಅವರ ಕುಣಿತ ನೋಡಿ ಜರ್ಮನರೂ ಕುಣಿಯಲು ನಿಂತರು. ಜರ್ಮನರು ಕುಣಿದರು ಅನ್ನುವುದೇ ಒಂದು ಸುದ್ದಿ.

ಅವರು ಕಪ್ ಗೆಲ್ಲಲಿಲ್ಲ. ಜುಲೈ 4, ಡಾರ್ಟ್ಮುಂಡ್, ಸೆಮಿಫೈನಲ್. ಮತ್ತೆ ಅದೇ ಇಟಲಿ. 119ನೇ ನಿಮಿಷದಲ್ಲಿ ಫಾಬಿಯೋ ಗ್ರೋಸೋ ಒಂದು ಗೋಲು, ಅದರ ಬೆನ್ನಿಗೇ ದೆಲ್ ಪಿಯೆರೋ ಇನ್ನೊಂದು. ಮುಗಿಯಿತು. ನನ್ನ ತಂಗಿಯ ಗಂಡ ಅವತ್ತು ರಾತ್ರಿ ಫೋನ್ ಮಾಡಿ, ಇಲ್ಲಿ ಸೂತಕ ಭಾವಾ, ಕೆಳಗಿನ ಮನೆಯ ಮುದುಕರು ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಾರೆ ಅಂದ. ಅವರ ಜೊತೆ ತಾನೂ ಕುಳಿತಿದ್ದನಂತೆ. ಅಷ್ಟು ಹೊತ್ತಿಗೆ ಅವರ ಹೆಸರು, ಮಕ್ಕಳ ಹೆಸರು, ಮೊಣಕಾಲು ನೋವು ಎಲ್ಲ ಇವನಿಗೆ ಗೊತ್ತಾಗಿತ್ತು.

ಮೂರನೇ ಸ್ಥಾನದ ಪಂದ್ಯ ನಡೆದದ್ದು ಅವನ ಊರಲ್ಲೇ, ಸ್ಟುಟ್‌ಗಾರ್ಟ್‌ನಲ್ಲಿ. ಯಾರಿಗೂ ಬೇಡದ ಪಂದ್ಯ ಅದು, ಎಲ್ಲಾ ವಿಶ್ವಕಪ್‌ಗಳಲ್ಲೂ. ಫೈನಲ್ ಇದ್ದದ್ದು ಬರ್ಲಿನ್‌ನಲ್ಲಿ. ಆದರೆ ಸ್ಟೇಡಿಯಂ ತುಂಬಿ ಜನ ಹಾಡುತ್ತಿದ್ದರು, ಬರ್ಲಿನ್‌ಗಿಂತ ಸ್ಟುಟ್‌ಗಾರ್ಟ್ ಎಷ್ಟೋ ಚೆನ್ನಾಗಿದೆ ಅಂತ! ಪೋರ್ಚುಗಲ್ಲನ್ನು ಮೂರು-ಒಂದರಿಂದ ಸೋಲಿಸಿದರು. ಮರುದಿನ ಬರ್ಲಿನ್‌ನ ಆ ರಸ್ತೆಗೆ ತಂಡ ಬಂದಾಗ ಲಕ್ಷಗಟ್ಟಲೆ ಜನ ಕಾದಿದ್ದರು. ಮೂರನೇ ಸ್ಥಾನಕ್ಕೆ! ನಮ್ಮಲ್ಲಿ ಮೂರನೇ ಸ್ಥಾನ ಬಂದ ತಂಡ ಏರ್‌ಪೋರ್ಟಿನ ಹಿಂದಿನ ಬಾಗಿಲಿನಿಂದ ಹೋಗುತ್ತದೆ.

ಆ ತಿಂಗಳನ್ನು ಜರ್ಮನರು ಇವತ್ತಿಗೂ ಬೇಸಿಗೆಯ ಕಾಲ್ಪನಿಕ ಕಥೆ ಅಂತಲೇ ಕರೆಯುತ್ತಾರೆ. ಅಡಗೂಲಜ್ಜಿ ಕಥೆ ಅನ್ನುತ್ತೇವಲ್ಲ, ಹಾಗೆ. ಆಮೇಲೆ 2015ರಲ್ಲಿ ಕೂಟ ತರುವಾಗಿನ 67 ಲಕ್ಷ ಯೂರೋ ಹಣದ ಒಂದು ಗೊಂದಲ ಹೊರಬಿತ್ತು. ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಉದ್ಯೋಗ ಹೆಚ್ಚಾಯಿತೇ ಅಂತ ಲೆಕ್ಕ ಹಾಕಿದವರಿಗೂ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಆದರೆ ಕೆಳಗಿನ ಮನೆಯ ಮುದುಕರು ತೀರಿಕೊಳ್ಳುವವರೆಗೂ ಪ್ರತಿ ಕ್ರಿಸ್‌ಮಸ್‌ಗೆ ನನ್ನ ತಂಗಿಯ ಮನೆಗೆ ಕಾರ್ಡು ಬರುತ್ತಿತ್ತು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಲಂಡನ್ ಕಥೆ ಬೇಗ ಹೇಳುತ್ತೇನೆ. 2012ರ ಒಲಿಂಪಿಕ್ಸ್‌ಗೆ ಮುಂಚೆ ಲಂಡನ್‌ನವರದ್ದು ಬರೀ ಗೊಣಗಾಟ. ಟ್ರಾಫಿಕ್ ಆಗುತ್ತೆ, ಮಳೆ ಬರುತ್ತೆ, ಸೆಕ್ಯುರಿಟಿ ಕಂಪನಿಗೆ ಜನ ಸಿಕ್ಕಿಲ್ಲ, ಸೈನ್ಯ ಕರೆಸಬೇಕು. ಗೊಣಗುವುದು ಅವರ ರಾಷ್ಟ್ರೀಯ ಕ್ರೀಡೆ, ಅದರಲ್ಲಿ ಚಿನ್ನ ಅವರಿಗೇ. ಜುಲೈ 27ರ ಉದ್ಘಾಟನೆಯಲ್ಲಿ ರಾಣಿ ಪ್ಯಾರಾಚೂಟಿನಲ್ಲಿ ಇಳಿದ ಹಾಗೆ ತೋರಿಸಿದರು, ಆಸ್ಪತ್ರೆಯ ನರ್ಸುಗಳನ್ನು ಕುಣಿಸಿದರು. ಎಪ್ಪತ್ತು ಸಾವಿರ ಸ್ವಯಂಸೇವಕರು ಊರು ತುಂಬ ಕೈ ತೋರಿಸಿ ದಾರಿ ಹೇಳಿದರು. ಸುರಂಗ ರೈಲಿನಲ್ಲಿ ಪಕ್ಕದವರ ಮುಖ ನೋಡದ ಊರು ಅದು. ಅಲ್ಲಿ ಜನ ಅಪರಿಚಿತರ ಜೊತೆ ಮಾತಾಡಿದರು. ಸಂಶೋಧಕರು ಲಂಡನ್, ಪ್ಯಾರಿಸ್, ಬರ್ಲಿನ್ ಮೂರೂ ಊರುಗಳಲ್ಲಿ 2011, 12, 13ರ ಬೇಸಿಗೆಯಲ್ಲಿ 26,000 ಜನರನ್ನು ಕೇಳಿದ್ದಾರೆ. 2012ರಲ್ಲಿ ಲಂಡನ್‌ನವರ ಖುಷಿ ಏರಿತ್ತು, ಅದೂ ಉದ್ಘಾಟನೆ ಮತ್ತು ಸಮಾರೋಪದ ಹೊತ್ತಿಗೆ ಜಾಸ್ತಿ. ಮರುವರ್ಷಕ್ಕೆ ಅದು ಇಳಿದುಹೋಗಿತ್ತು. ಗೃಹಪ್ರವೇಶದ ತೋರಣ ಒಂದು ವರ್ಷ ಬಾಗಿಲಲ್ಲಿ ಹಸಿರಾಗಿರುತ್ತದೆಯೇ? ಇಲ್ಲ. ಹಾಗಂತ ಯಾರೂ ಕಟ್ಟುವುದನ್ನು ಬಿಟ್ಟಿಲ್ಲ.

ದಕ್ಷಿಣ ಆಫ್ರಿಕಾದ ಒಂದು ಸಂಗತಿ ನನಗೆ ಬಹಳ ಇಷ್ಟ. ಮಂಡೇಲಾ 1995ರಲ್ಲಿ ರಗ್ಬಿ ಜೆರ್ಸಿ ಹಾಕಿಕೊಂಡ ಕಥೆ ನಿಮಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅವರ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಆತಿಥೇಯ ದೇಶವೊಂದು ಹಾಗೆ ಹೊರಬಿದ್ದದ್ದು ಅದೇ ಮೊದಲು. ಅಲ್ಲಿನವರು ಏನು ಮಾಡಿದರು ಗೊತ್ತಾ? ಅವರ ತಂಡದ ಅಡ್ಡಹೆಸರು ಬಫಾನಾ ಬಫಾನಾ. ಅದನ್ನೇ ಸ್ವಲ್ಪ ತಿರುಚಿ ಘಾನಾ ತಂಡಕ್ಕೆ ಬಘಾನಾ ಬಘಾನಾ ಅಂತ ಹೆಸರಿಟ್ಟು, ಅದೇ ವುವುಜೆಲಾ ತುತ್ತೂರಿ ಊದುತ್ತಾ ಅವರ ಬೆನ್ನಿಗೆ ನಿಂತರು. ನಮ್ಮ ಹುಡುಗ ಫೇಲಾದರೂ ನೆಂಟರ ಹುಡುಗ ಪಾಸಾದನಲ್ಲ ಅಂತ ಸಿಹಿ ಹಂಚಿದ ಹಾಗೆ.

ನಮ್ಮ ಮನೆಗೆ ಬರೋಣ. 1996ರ ಮಾರ್ಚ್ 9, ಚಿನ್ನಸ್ವಾಮಿ ಸ್ಟೇಡಿಯಂ, ಪಾಕಿಸ್ತಾನದ ಎದುರು ಕ್ರಿಕೆಟ್ ವಿಶ್ವಕಪ್ ಕ್ವಾರ್ಟರ್ ಫೈನಲ್. ನಾನು ಅಲ್ಲಿದ್ದೆ ಅಂತ ಹೇಳುವ ಬೆಂಗಳೂರಿನವರ ಸಂಖ್ಯೆ ಈಗ ನಾಲ್ಕೈದು ಲಕ್ಷ ದಾಟಿದೆ. ನಾನು ಅಲ್ಲಿರಲಿಲ್ಲ. ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ಮೂವರು ಕನ್ನಡಿಗರು ತಮ್ಮ ಊರಿನಲ್ಲೇ ಬೌಲ್ ಮಾಡುತ್ತಿದ್ದರು. ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟಿನಲ್ಲಿ ದಿಕ್ಕು ತೋರಿಸಿದ್ದು, ಮುಂದಿನ ಚೆಂಡಿಗೇ ಪ್ರಸಾದ್ ಸ್ಟಂಪ್ ಎಗರಿಸಿದ್ದು ಬಿಡಿಸಿ ಹೇಳಬೇಕಾಗಿಲ್ಲ. 39 ರನ್‌ಗಳ ಗೆಲುವು. ರಾತ್ರಿಯಿಡೀ ಊರು ಮಲಗಲಿಲ್ಲ.

ನಾಲ್ಕೇ ದಿನ. ಮಾರ್ಚ್ 13, ಕಲ್ಕತ್ತಾ. ಶ್ರೀಲಂಕಾ ಎದುರು ಸೆಮಿಫೈನಲ್. ನಮ್ಮದು ಎಂಟಕ್ಕೆ 120. ಮೈದಾನಕ್ಕೆ ಬಾಟಲಿಗಳು ಬಿದ್ದವು, ಗ್ಯಾಲರಿಯಲ್ಲಿ ಬೆಂಕಿ ಎದ್ದಿತು. ರೆಫರಿ ಕ್ಲೈವ್ ಲಾಯ್ಡ್ ಆಟ ನಿಲ್ಲಿಸಿ ಪಂದ್ಯ ಶ್ರೀಲಂಕಾದ್ದು ಅಂದರು. ವಿನೋದ್ ಕಾಂಬ್ಳಿ ಅಳುತ್ತಾ ಒಳಗೆ ಹೋದ. ಬೆಂಗಳೂರಿನವರು ಒಳ್ಳೆಯವರು, ಕಲ್ಕತ್ತಾದವರು ಕೆಟ್ಟವರು ಅಂತ ದಯವಿಟ್ಟು ತಿಳಿಯಬೇಡಿ. ಚಿನ್ನಸ್ವಾಮಿಯಲ್ಲಿ ಅವತ್ತು ನಾವು ಸೋತಿದ್ದರೆ ಏನಾಗುತ್ತಿತ್ತು? ಯೋಚಿಸಿದರೆ ನನಗೇ ಧೈರ್ಯ ಸಾಲುವುದಿಲ್ಲ. ಖುಷಿಯ ಪೂರ್ತಿ ಭಾರವನ್ನು ಹನ್ನೊಂದು ಜನರ ತಲೆ ಮೇಲೆ ಇಟ್ಟರೆ ಹೀಗೇ. ಅವರು ಎಡವಿದರೆ ಎಲ್ಲ ಒಡೆಯುತ್ತದೆ.

2023ರ ನವೆಂಬರ್ 19ನ್ನೂ ನೆನಪಿಸಿಕೊಳ್ಳಿ. ಕ್ರಿಕೆಟ್ ವಿಶ್ವಕಪ್ ಫೈನಲ್, ಆಸ್ಟ್ರೇಲಿಯಾ ಎದುರು. ಅಹಮದಾಬಾದ್. ಸತತ ಹತ್ತು ಪಂದ್ಯ ಗೆದ್ದು ಬಂದ ಭಾರತ. ಎಲ್ಲೆಲ್ಲೂ ನೀಲಿ. ಟ್ರಾವಿಸ್ ಹೆಡ್ 137 ಹೊಡೆದ. ಅಷ್ಟು ದೊಡ್ಡ ಸ್ಟೇಡಿಯಂನ ಮೌನ ಟಿವಿಯಲ್ಲೂ ಕೇಳಿಸುತ್ತಿತ್ತು. ಪ್ಯಾಟ್ ಕಮಿನ್ಸ್ ಕಪ್ ಎತ್ತುವ ಹೊತ್ತಿಗೆ ಎಷ್ಟೋ ಸೀಟು ಖಾಲಿ. ನಾನೂ ಟಿವಿ ಆರಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಒಂದು ಮಾತು. ಅದೇ ಮೈದಾನದಲ್ಲಿ ಅಕ್ಟೋಬರ್ 14ರಂದು ಪಾಕಿಸ್ತಾನದ ಪಂದ್ಯ ನಡೆದಾಗ, ಅಲ್ಲಿಂದ ಬಂದ ಅಭಿಮಾನಿಗಳನ್ನು ದುರ್ಬೀನು ಹಾಕಿ ಹುಡುಕಬೇಕಿತ್ತು. ವೀಸಾ ಸಿಕ್ಕಿರಲಿಲ್ಲ. ಬೀಗರಿಗೆ ಬಾಗಿಲು ಹಾಕಿ ನಾವು ನಾವೇ ಊಟಕ್ಕೆ ಕುಳಿತ ಹಾಗಿತ್ತು. ಸಾಂಬಾರು ಕೆಟ್ಟರೆ ನಗಿಸಲು ಯಾರೂ ಇರುವುದಿಲ್ಲ.

ಅದೇ ವಿಶ್ವಕಪ್‌ನಲ್ಲಿ ನಮ್ಮ ಊರಿನ ಒಂದು ಸಂಜೆ ಬೇರೆ ಥರ ಇತ್ತು. ನವೆಂಬರ್ 4, ನ್ಯೂಜಿಲೆಂಡ್-ಪಾಕಿಸ್ತಾನ ಪಂದ್ಯ. ಭಾರತ ಇಲ್ಲವೇ ಇಲ್ಲ. ಆದರೂ ಚಿನ್ನಸ್ವಾಮಿಯಲ್ಲಿ ರಚಿನ್, ರಚಿನ್ ಅನ್ನುವ ಕೂಗು. ರಚಿನ್ ರವೀಂದ್ರನ ಅಪ್ಪ ಅಮ್ಮ ಬೆಂಗಳೂರಿನವರು, ಅವನು ಹುಟ್ಟಿ ಬೆಳೆದದ್ದು ವೆಲಿಂಗ್ಟನ್‌ನಲ್ಲಿ. ಅವತ್ತು ನೂರು ಹೊಡೆದ. ನ್ಯೂಜಿಲೆಂಡ್ 401 ಮಾಡಿತು. ಆಮೇಲೆ ಫಖರ್ ಜಮಾನ್ ಸಿಕ್ಸರ್ ಮೇಲೆ ಸಿಕ್ಸರ್ ಹೊಡೆದು, ಮಳೆಯೂ ಬಂದು, ಗೆದ್ದದ್ದು ಪಾಕಿಸ್ತಾನ. ಮಳೆಯಲ್ಲಿ ನೆಂದು ಬಂದ ನನ್ನ ಮಗಳನ್ನು ಯಾರು ಗೆದ್ದರು ಅಂತ ಕೇಳಿದೆ. ಅವಳಿಗೆ ಅದನ್ನು ಹೇಳಲು ಒಂದು ಕ್ಷಣ ಬೇಕಾಯಿತು. ರಚಿನ್ ಕೈ ಬೀಸಿದ ಅನ್ನುವುದನ್ನು ಮಾತ್ರ ಮೂರು ಸಲ ಹೇಳಿದಳು.

ಮದುವೆ ಮನೆ ಅಂದಮೇಲೆ ಚಪ್ಪರ ಹಾಕುವವರ ಮಾತೂ ಬರಬೇಕು. ಬ್ರೆಜಿಲ್‌ನಲ್ಲಿ 2013ರ ಜೂನ್‌ನಲ್ಲಿ ಸಾವೊ ಪಾಲೋದ ಬಸ್ ಟಿಕೆಟ್ ಇಪ್ಪತ್ತು ಸೆಂಟಾವೋ ಏರಿತು. ನಮ್ಮ ಲೆಕ್ಕದಲ್ಲಿ ಕೆಲವೇ ರೂಪಾಯಿ. ಅಷ್ಟಕ್ಕೆ ಶುರುವಾದ ಜಗಳ ದೇಶವೆಲ್ಲ ಹಬ್ಬಿತು. ವಿಶ್ವಕಪ್‌ಗೆ ಒಂದೇ ವರ್ಷ ಇತ್ತು. ಫಿಫಾ ದರ್ಜೆಯ ಸ್ಟೇಡಿಯಂ ಕಟ್ಟಿದ್ದೀರಲ್ಲ, ಫಿಫಾ ದರ್ಜೆಯ ಆಸ್ಪತ್ರೆ ಎಲ್ಲಿ, ಶಾಲೆ ಎಲ್ಲಿ ಅಂತ ಜನ ಬೋರ್ಡು ಹಿಡಿದು ಬೀದಿಗೆ ಬಂದರು. ಫುಟ್‌ಬಾಲನ್ನು ಉಸಿರಾಡುವ ಜನ ಅವರು. ಅವರಿಗೇ ಅದು ಬೇಡವಾಯಿತು. ಮರುವರ್ಷ ಸೆಮಿಫೈನಲ್‌ನಲ್ಲಿ ಜರ್ಮನಿಯ ಎದುರು ಸೋತದ್ದು ಎಷ್ಟಕ್ಕೆ? ಏಳು-ಒಂದು. ನಮ್ಮ 1982ರದ್ದೇ ಅಂಕೆ.

ಆ 1982ರದ್ದೂ ಒಂದು ಲೆಕ್ಕ ಬಾಕಿ ಇದೆ. ಅರ್ಧ ಪರದೆಯಲ್ಲಿ ನಾನು ನೋಡಿದ ಹೊಸ ಸ್ಟೇಡಿಯಂ, ಮೇಲ್ಸೇತುವೆಗಳನ್ನು ಕಟ್ಟಿದವರು ಬೇರೆ ಬೇರೆ ರಾಜ್ಯಗಳಿಂದ ಬಂದ ಕೂಲಿಕಾರರು. ಕನಿಷ್ಠ ಕೂಲಿಯೂ ಅವರ ಕೈಗೆ ಪೂರ್ತಿ ಬರುತ್ತಿರಲಿಲ್ಲ. ಮಧ್ಯದವರು ಮುರಿದುಕೊಳ್ಳುತ್ತಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಅನ್ನುವ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೂಟ ಶುರುವಾಗುವ ಎರಡು ತಿಂಗಳ ಮುಂಚೆ ನ್ಯಾಯಮೂರ್ತಿ ಭಗವತಿಯವರ ತೀರ್ಪು ಬಂತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನ ನಿಷೇಧಿಸಿರುವ ಬಲವಂತದ ದುಡಿಮೆಯೇ ಅಂತ. ಏಷ್ಯಾಡ್ ಕಾರ್ಮಿಕರ ಪ್ರಕರಣ ಅಂತ ಕಾನೂನು ಓದುವ ಮಕ್ಕಳು ಇವತ್ತಿಗೂ ಅದನ್ನು ಓದುತ್ತಾರೆ. ಆ ಕೂಟದಿಂದ ಬಂದ ಎಲ್ಲದರಲ್ಲೂ ಜಾಸ್ತಿ ಬಾಳಿಕೆ ಬಂದದ್ದು ಬಹುಶಃ ಆ ತೀರ್ಪೇ.

ಇನ್ನೊಂದು ವಿಷಯ. ಇದನ್ನು ಹೇಳಬೇಕೋ ಬೇಡವೋ ಅಂತ ಬರುವಾಗ ದಾರಿಯಲ್ಲೂ ಯೋಚಿಸುತ್ತಿದ್ದೆ. ಬೆಂಗಳೂರಿನಲ್ಲಿ ನಿಂತು ಆಟದ ಖುಷಿ ಬಗ್ಗೆ ಮಾತಾಡಿ ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಹದಿನೆಂಟು ಸೀಸನ್ ಕಾದು ಆರ್‌ಸಿಬಿ ಕಪ್ ಗೆದ್ದದ್ದು 2025ರ ಜೂನ್ 3ರ ರಾತ್ರಿ. ಮರುದಿನ ಮಧ್ಯಾಹ್ನ ಅದೇ ಚಿನ್ನಸ್ವಾಮಿಯ ಗೇಟುಗಳ ಹೊರಗೆ ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತರು. ಬಂದವರದ್ದು ಏನೂ ತಪ್ಪಿರಲಿಲ್ಲ. ಖುಷಿಗೆ ಬಂದಿದ್ದರು. ಒಂದು ಊರಿನ ಸಂತೋಷವನ್ನು 35,000 ಜನ ಹಿಡಿಯುವ ಒಂದು ಕಟ್ಟಡದ ಬಾಗಿಲಿಗೆ ಕರೆದಿದ್ದೆವು. ಹನ್ನೆರಡು ಕಡೆ ಪರದೆ ಹಾಕಬಹುದಿತ್ತು. ಒಂದು ವಾರ ಬಿಟ್ಟು ಮಾಡಬಹುದಿತ್ತು. ನಮ್ಮ ಅಜ್ಜಿಗೆ ಗೊತ್ತಿದ್ದದ್ದು ಅವತ್ತು ಯಾರಿಗೂ ಗೊತ್ತಿರಲಿಲ್ಲ.

ಈಗ ಕಾಮನ್‌ವೆಲ್ತ್ ಗೇಮ್ಸ್ 2030ಕ್ಕೆ ಅಹಮದಾಬಾದಿಗೆ ಬರುತ್ತಿದೆ. 2036ರ ಒಲಿಂಪಿಕ್ಸ್ ಮೇಲೂ ಕಣ್ಣಿದೆ. ಬೇಕೋ ಬೇಡವೋ ಅಂದರೆ ನಾನು ಬೇಕು ಅನ್ನುವವನೇ, ಮುಚ್ಚುಮರೆಯಿಲ್ಲ. ದೆಹಲಿಯ 2010ರ ಕಾಮನ್‌ವೆಲ್ತ್ ನೆನಪಿದೆ. ಶುರುವಾಗುವ ಹನ್ನೆರಡು ದಿನ ಮುಂಚೆ ಸ್ಟೇಡಿಯಂ ಪಕ್ಕದ ಕಾಲ್ಸೇತುವೆ ಕುಸಿದು ಕೂಲಿಕಾರರು ಗಾಯಗೊಂಡರು. ಕೊಳೆಗೇರಿ ಕಾಣದಂತೆ ದಾರಿಯುದ್ದಕ್ಕೂ ಬ್ಯಾನರ್ ಕಟ್ಟಿದರು. ನಾಚಿಕೆಯಾಗುತ್ತಿತ್ತು. ಆಮೇಲೆ ಅಕ್ಟೋಬರ್ 12ರ ಸಂಜೆ ಮಹಿಳೆಯರ 4×400 ರಿಲೇ. ಮಂಜೀತ್ ಕೌರ್, ಸಿನಿ ಜೋಸ್, ನಮ್ಮ ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್. ಚಿನ್ನ. ತುಂಬಿದ ನೆಹರು ಸ್ಟೇಡಿಯಂ ಎದ್ದು ನಿಂತಿತ್ತು. ನನ್ನ ಮನೆಯಲ್ಲಿ ನಾನೂ ಎದ್ದು ನಿಂತಿದ್ದೆ. ಮರುವರ್ಷವೇ ಆ ಓಟಗಾರ್ತಿಯರಲ್ಲಿ ಕೆಲವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅಶ್ವಿನಿಯೂ ಅದರಲ್ಲಿ ಇದ್ದರು. ಗೊತ್ತಿದೆ. ಹಾಗಂತ ಆ ಸಂಜೆ ಎದ್ದು ನಿಂತದ್ದನ್ನು ವಾಪಸ್ ಕುಳಿತುಕೊಳ್ಳಲು ಆಗುವುದಿಲ್ಲವಲ್ಲ. ಆದ್ದರಿಂದ 2030ರ ಯೋಜನೆಯ ಪುಸ್ತಕ ನನ್ನ ಕೈಗೆ ಬಂದರೆ ಲಾಭದ ಪುಟ ತೆಗೆಯುವುದಿಲ್ಲ. ಟಿಕೆಟ್ ಇಲ್ಲದವನು ಎಲ್ಲಿ ನಿಂತು ನೋಡುತ್ತಾನೆ, ಕೂಲಿಯವನಿಗೆ ಎಷ್ಟು ಕೊಡುತ್ತೀರಿ, ವೀಸಾ ಯಾರಿಗೆಲ್ಲ ಸಿಗುತ್ತದೆ, ಈ ಮೂರು ಪುಟ ಹುಡುಕುತ್ತೇನೆ.

ಕೊನೆಗೆ ಒಂದು ಪಂದ್ಯದ ಕಥೆ ಹೇಳಿ ಮೈಕ್ ಕೊಡುತ್ತೇನೆ. ಅದು ವಿಶ್ವಕಪ್ ದಾಖಲೆಯಲ್ಲೇ ಇಲ್ಲ.

1996ರ ಆ ವಿಶ್ವಕಪ್ ಭಾರತ, ಪಾಕಿಸ್ತಾನ, ಶ್ರೀಲಂಕಾ ಮೂವರ ಮನೆಯ ಮದುವೆ. ಕೂಟಕ್ಕೆ ಎರಡು ವಾರ ಇದೆ ಅನ್ನುವಾಗ, ಜನವರಿ 31ರಂದು, ಕೊಲಂಬೊದ ಸೆಂಟ್ರಲ್ ಬ್ಯಾಂಕ್ ಮುಂದೆ ಬಾಂಬ್ ಸಿಡಿಯಿತು. ತೊಂಬತ್ತರಷ್ಟು ಜನ ಸತ್ತರು. ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ತಂಡಗಳು ನಾವು ಕೊಲಂಬೊಕ್ಕೆ ಬರುವುದಿಲ್ಲ ಅಂದವು. ಚಪ್ಪರ ಹಾಕಿ, ಎಲೆ ಹಾಸಿ ಕುಳಿತವರ ಮನೆಗೆ ನೆಂಟರು ಬರಲಿಲ್ಲ. ಆಗ ಭಾರತ ಮತ್ತು ಪಾಕಿಸ್ತಾನ ಸೇರಿ ಒಂದೇ ತಂಡ ಕಟ್ಟಿದವು. ನಾಯಕ ಅಜರುದ್ದೀನ್. ಫೆಬ್ರವರಿ 13ರಂದು, ವಿಶ್ವಕಪ್ ಶುರುವಾಗುವ ಹಿಂದಿನ ದಿನ, ಆ ತಂಡ ಕೊಲಂಬೊಕ್ಕೆ ಹೋಗಿ ಶ್ರೀಲಂಕಾ ಎದುರು ಒಂದು ಸ್ನೇಹ ಪಂದ್ಯ ಆಡಿತು. ಸಯೀದ್ ಅನ್ವರ್, ತೆಂಡೂಲ್ಕರ್, ವಾಸಿಂ ಅಕ್ರಂ, ನಮ್ಮ ಕುಂಬ್ಳೆ, ಎಲ್ಲ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ. ಇದಾದ ಇಪ್ಪತ್ತೈದು ದಿನಕ್ಕೆ ಬೆಂಗಳೂರಿನ ಆ ಕ್ವಾರ್ಟರ್ ಫೈನಲ್. ಮುಂದೆ ಲಾಹೋರಿನಲ್ಲಿ ಆಸ್ಟ್ರೇಲಿಯಾವನ್ನೇ ಸೋಲಿಸಿ ಶ್ರೀಲಂಕಾ ಕಪ್ ಎತ್ತಿತು, ಅದು ಬೇರೆ ಕಥೆ.

ಕೊಲಂಬೊದ ಆ ಸ್ಕೋರ್‌ಕಾರ್ಡ್ ಈಗಲೂ ಹುಡುಕಿದರೆ ಸಿಗುತ್ತದೆ. ಅದರಲ್ಲಿ ಒಂದು ಸಾಲು ಹೀಗಿದೆ: ಕಲುವಿತರಣ, ಕ್ಯಾಚ್ ತೆಂಡೂಲ್ಕರ್, ಬೌಲಿಂಗ್ ವಾಸಿಂ ಅಕ್ರಂ.